ಹೊರಗಿನ ಕೀಲು

ಮಳೆಗಾಲವೆಲ್ಲ ಮನೆಮುಂದೆ ನಿಂತಿದ್ದ ಡೀಸೆಲ್ ಕಾರು ಮೊದಲ ಸಲ ಘಟ್ಟ ಹತ್ತುವಾಗ ಏದುಸಿರು ಬಿಡುವುದುಂಟು. ಶಿರಾಡಿಯ ತಿರುವಿನಲ್ಲಿ ಆಕ್ಸಿಲರೇಟರ್ ಎಷ್ಟು ತುಳಿದರೂ ಪಿಕಪ್ ಇಲ್ಲ, ಕಣ್ಣೆದುರು ಹಳದಿ ದೀಪ, ಹಿಂದೆ ಲಾರಿಯ ಹಾರನ್ನು. ಜೊತೆಗಿದ್ದವರು ‘ಟರ್ಬೊ ಹೋಯಿತೇನೋ’ ಎಂದರೆ ಸಾಕು, ಸಂಸಾರಸ್ಥನ ಎದೆ ಧಸಕ್ಕೆನ್ನುತ್ತದೆ. ಹೊಸದು ಹಾಕಿಸುವುದೆಂದರೆ ಹತ್ತಾರು ಸಾವಿರದ ಮಾತು. ಆದರೆ ಎಷ್ಟೋ ಸಲ ಟರ್ಬೊ ಸುಸ್ಥಿತಿಯಲ್ಲೇ ಇರುತ್ತದೆ. ಅದರ ಪಕ್ಕದ ಸಣ್ಣ ಕಡ್ಡಿಯೊಂದು ತುಕ್ಕು ಹಿಡಿದು ಬಿಗಿದುಕೊಂಡಿರುತ್ತದೆ, ಅಷ್ಟೆ.

ಎಂಜಿನ್ ಹೊರಚೆಲ್ಲುವ ಬಿಸಿಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗಿಸಿ, ಅದೇ ಎಂಜಿನ್ನಿಗೆ ಇನ್ನಷ್ಟು ಗಾಳಿ ತುಂಬುವ ಈ ಟರ್ಬೊ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಇಂದಿನ ಕಾರುಗಳಲ್ಲಿ ಆ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ. ಅಂಥ ವೇಗದ ಅಚ್ಚು ಸವೆಯದಂತೆ ಎಂಜಿನ್ ಆಯಿಲ್ ಒತ್ತಡದಿಂದ ಹರಿದು ಬರುತ್ತದೆ; ಅದಕ್ಕೆಂದೇ ಕೊಳವೆ ಇಟ್ಟಿದ್ದಾರೆ. ಆದರೆ ಗಾಳಿ ಹೆಚ್ಚಬೇಕೋ ತಗ್ಗಬೇಕೋ ಎಂಬುದನ್ನು ನಡೆಸುವ ಕಡ್ಡಿ, ಲಿವರ್, ಪಿನ್ನುಗಳು ಹೊರಗಿವೆ. ಅವು ಸರಿದಾಡುವುದು ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್. ಅಲ್ಲಿಗೆ ಯಾವ ಎಣ್ಣೆಯೂ ತಾನಾಗಿ ತಲುಪುವುದಿಲ್ಲ. ರಸ್ತೆಯ ನೀರು, ಕರಾವಳಿಯ ಉಪ್ಪುಗಾಳಿ, ಪಕ್ಕದ ಕಬ್ಬಿಣದ ಕಾವು ಮಾತ್ರ ತಪ್ಪದೆ ತಲುಪುತ್ತವೆ.

ಹಿಂದೆ ಗಾಡಿ ಹೊಡೆಯುವವರು ಕೀಲೆಣ್ಣೆಯ ಗೊಟ್ಟವನ್ನು ಗಾಡಿಗೇ ತೂಗುಹಾಕಿಕೊಳ್ಳುತ್ತಿದ್ದರು. ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿ ಕಲಸಿದ ಲೇಪ ಅದು. ಅಚ್ಚು ಕಿರುಗುಟ್ಟುವ ತನಕ ಕಾಯದೆ, ಎತ್ತು ಹೂಡುವ ಮೊದಲೇ ಬಳಿಯುತ್ತಿದ್ದರು. ನಾವು ದೀಪ ಹೊತ್ತಿದ ಮೇಲೆ ನೋಡೋಣ ಎನ್ನುವವರಾಗಿದ್ದೇವೆ, ಮನೆಯೊಳಗೂ. ಅಣ್ಣತಮ್ಮಂದಿರ ನಡುವೆ ಮಾತು ಕಡಿಯದಂತೆ ನೋಡಿಕೊಳ್ಳುವ ಅತ್ತಿಗೆಯೊಬ್ಬರು ಬಹಳ ಕುಟುಂಬಗಳಲ್ಲಿರುತ್ತಾರೆ. ಮಕ್ಕಳ ಫೀಸು, ದುಡಿಯುವವರ ಬುತ್ತಿ, ಹಿರಿಯರ ಮಾತ್ರೆ ಎಲ್ಲವೂ ಎಲ್ಲರಿಗೂ ನೆನಪಿರುತ್ತದೆ. ‘ಮಂಡಿನೋವು ಈಗ ಹೇಗಿದೆ ಅತ್ತಿಗೆ?’ ಎಂದು ಕೇಳುವುದು ಮಾತ್ರ ಯಾರ ಪಾಲಿಗೂ ಬಂದಿರುವುದಿಲ್ಲ. ಅವರೂ ಬೇಸತ್ತು ಸುಮ್ಮನಾದರೆ ಹಬ್ಬದ ಎಲೆಗಳು ಎರಡು ಮನೆಯಲ್ಲಿ ಬೀಳುತ್ತವೆ. ಈ ಭಾನುವಾರ ಕಾರಿನ ಬಾನೆಟ್ ಎತ್ತುವ ಮೊದಲು ಆ ಅತ್ತಿಗೆಗೊಂದು ಫೋನು ಮಾಡಿಬಿಡೋಣ.

ಕಾರಿನ ಕೆಲಸವೂ ದೊಡ್ಡದಲ್ಲ, ಆದರೆ ವಿವೇಕ ಬೇಕು. ಎಂಜಿನ್ ಪೂರ್ತಿ ತಣ್ಣಗಿರುವ ಬೆಳಗಿನ ಹೊತ್ತು ಒಳ್ಳೆಯದು. ಕೀಲಿನ ಧೂಳು ಒರೆಸಿ, ತುಕ್ಕು ಬಿಡಿಸುವ ದ್ರವವನ್ನು ಪಿನ್ನಿನ ಮೇಲೆ ಸ್ವಲ್ಪವೇ ಹಾಕಿ, ಅದು ಒಳಗಿಳಿಯುವವರೆಗೆ ಕಾಯಬೇಕು. ಆಮೇಲೆ ಕಡ್ಡಿಯನ್ನು ಮೆಲ್ಲಗೆ ಆಡಿಸಿ ನೋಡಬಹುದು. ಕಡ್ಡಿಯನ್ನು ಆಡಿಸುವ ಆಕ್ಚುಯೇಟರ್ ಮೋಟಾರಿನಿಂದ ನಡೆಯುವಂಥದ್ದಾದರೆ ಮಾತ್ರ ಕೈಯಿಂದ ಎಳೆಯಬಾರದು, ಒಳಗಿನ ಹಲ್ಲುಗಳು ಕೆಡುತ್ತವೆ. ಹೊಲಿಗೆ ಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ ಇಲ್ಲಿ ಉಪಕಾರಕ್ಕಿಂತ ಅಪಕಾರ ಮಾಡುತ್ತವೆ. ಡೀಸೆಲ್ ಕಾರಿನಲ್ಲೂ ಒಳಗಿನ ಹೊಗೆಯ ಬಿಸಿ 700 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಆ ಕಾವಿಗೆ ಇಂಥ ಎಣ್ಣೆ ಸುಟ್ಟು ಅಂಟಾಗಿ, ಕೀಲು ಮತ್ತೆ ಕಚ್ಚಿಕೊಳ್ಳುತ್ತದೆ. ತಾಮ್ರದ ಪುಡಿ ಬೆರೆಸಿದ, ಹೆಚ್ಚು ಬಿಸಿ ತಾಳುವ ಗ್ರೀಸ್ ಸಿಗುತ್ತದೆ. ಅದರ ಎಣ್ಣೆಯಂಶ ಆರಿಹೋದರೂ ಪುಡಿ ಉಳಿದು ಲೋಹಕ್ಕೆ ಲೋಹ ಅಂಟದಂತೆ ಕಾಯುತ್ತದೆ. ಕಡಲೆಕಾಳಿನಷ್ಟು ಹಚ್ಚಿ, ಮಿಕ್ಕಿದ್ದನ್ನು ಒರೆಸಿ ತೆಗೆದರಾಯಿತು. ಕಡ್ಡಿಯ ತುದಿಯ ನಟ್ಟನ್ನು ಮುಟ್ಟಬೇಡಿ. ಕಾರ್ಖಾನೆಯಲ್ಲಿ ಅಳತೆ ಮಾಡಿ ಬಿಗಿದದ್ದು ಅದು. ಇಷ್ಟಾದರೂ ಆಡದಿದ್ದರೆ ಇಕ್ಕಳ ಹಿಡಿದು ಬಲ ತೋರಿಸದೆ ಗ್ಯಾರೇಜಿಗೆ ಒಯ್ಯಿರಿ, ಮನೆಯಲ್ಲಿ ಏನೇನು ಹಚ್ಚಿದ್ದೀರಿ ಎಂಬುದನ್ನು ಮೆಕ್ಯಾನಿಕ್‌ಗೆ ಮೊದಲೇ ಹೇಳಿ.