ಶುಕ್ರವಾರದ ಬರ್ಗರ್



ಹೊಸೂರಿನಿಂದ ಕೃಷ್ಣಗಿರಿ, ಧರ್ಮಪುರಿ ಹಾದು ಸೇಲಂಗೆ ಹೋಗುವ ಹೆದ್ದಾರಿಯಲ್ಲಿ ಈಗ ಬರ್ಗರ್ ಅಂಗಡಿಗಳಿವೆ. ಭಾನುವಾರ ಪೂಜೆ ಮುಗಿಸಿ ಮನೆಮಂದಿಯೆಲ್ಲ ಹೋಗಿ ಕೋಳಿ ಬರ್ಗರ್ ತಿಂದು ಬಂದರೆ ಪಾಪವೇನೂ ಇಲ್ಲ. ಆಹಾರ ನಮ್ಮನ್ನು ದೇವರ ಹತ್ತಿರ ಒಯ್ಯುವುದಿಲ್ಲವೆಂದು ಸಂತ ಪೌಲರೇ ಕೊರಿಂಥದವರಿಗೆ ತಿಳಿಸಿದ್ದಾರೆ.

ಆದರೆ ತಪಸ್ಸುಕಾಲದ ಶುಕ್ರವಾರ? ಯೇಸುಸ್ವಾಮಿ ನಮಗಾಗಿ ಪ್ರಾಣ ಕೊಟ್ಟ ವಾರ ಅದು. 14 ವರ್ಷ ತುಂಬಿದವರಿಗೆ ಧರ್ಮಸಭೆ ಮಾಂಸತ್ಯಾಗದ ನೇಮ ಇಟ್ಟಿದೆ. ಅಮೆರಿಕದ ಸಿನ್ಸಿನಾಟಿಯಲ್ಲಿ ಮ್ಯಾಕ್‌ಡೊನಾಲ್ಡ್ಸ್ ಅಂಗಡಿ ನಡೆಸುತ್ತಿದ್ದ ಲೂ ಗ್ರೋಯೆನ್ 1962ರಲ್ಲಿ ಮೀನಿನ ಬರ್ಗರ್ ತಂದದ್ದು ಇದೇ ಕಾರಣಕ್ಕೆ. ಸುತ್ತಲಿನ ಕಥೋಲಿಕರು ಶುಕ್ರವಾರ ಮಾಂಸ ಮುಟ್ಟುತ್ತಿರಲಿಲ್ಲ, ವ್ಯಾಪಾರ ಬಿದ್ದುಹೋಗುತ್ತಿತ್ತು. ಭಕ್ತರ ನೇಮ ಅಷ್ಟು ದೊಡ್ಡ ಕಂಪನಿಯ ಅಡುಗೆಯನ್ನೇ ತಿದ್ದಿತು ನೋಡಿ!

ಹಾಗಾದರೆ ನಾವೂ ಮೀನಿನದೋ ಪನ್ನೀರಿನದೋ ಕೇಳಿ ತಿಂದರಾಯಿತಲ್ಲ ಎನ್ನಬಹುದು. ನೇಮ ಉಳಿಯುತ್ತದೆ, ತಪಸ್ಸು ಎಲ್ಲಿ ಉಳಿಯಿತು? 1966ರಲ್ಲಿ ವಿಶ್ವಗುರು ಆರನೇ ಪೌಲರು ಈ ನೇಮಗಳನ್ನು ಸಡಿಲಿಸಿದಾಗ ಪ್ರಾರ್ಥನೆ, ದಾನಧರ್ಮಗಳನ್ನು ಉಪವಾಸದ ಪಕ್ಕದಲ್ಲೇ ಇಟ್ಟರು. ಒಬ್ಬರು ಹೊಟ್ಟೆ ತುಂಬಿಸಿಕೊಳ್ಳುವಾಗ ಇನ್ನೊಬ್ಬರು ಹಸಿದಿರುತ್ತಾರೆಂದು ಕೊರಿಂಥದ ಸಭೆಯನ್ನು ಸಂತ ಪೌಲರು ಗದರಿಸಿದ್ದೂ ಅದೇ ಪತ್ರದಲ್ಲಿ.

ತಮಿಳಿನಲ್ಲಾಗಲಿ ಕನ್ನಡದಲ್ಲಾಗಲಿ ಶಿಲುಬೆಯ ಹಾದಿ ಮುಗಿದ ಮೇಲೆ ಗೆಳೆಯರು ಬೈಕ್ ಏರುವಾಗ, "ನನಗೆ ಹಸಿವಿಲ್ಲ" ಎಂದು ಹಿಂದೆ ಉಳಿಯುವ ಹುಡುಗ ನಮ್ಮಲ್ಲೂ ಇದ್ದಾನೆ. ಅವನ ತಂದೆಯ ದಿನಗೂಲಿ ಎಷ್ಟೆಂದು ನಮಗೆ ಗೊತ್ತು. ಬರುವ ಶುಕ್ರವಾರ ನಮ್ಮ ಮನೆಯ ರಾಗಿಮುದ್ದೆ, ಸೊಪ್ಪಿನ ಸಾರಿಗೆ ಅವನನ್ನೂ ಕರೆಯೋಣ. ಬರ್ಗರಿಗೆಂದು ಎತ್ತಿಟ್ಟ ಹಣವನ್ನು ದೇವಾಲಯದ ಬಾಗಿಲಲ್ಲಿರುವ ತಪಸ್ಸುಕಾಲದ ಡಬ್ಬಿಗೆ ಹಾಕೋಣ; ಮಕ್ಕಳ ಕೈಯಿಂದಲೇ ಹಾಕಿಸೋಣ.