ಅಕ್ಕನ ಮರ

ಕಾರ್ಕಳದಿಂದ ಬಂದ ಅಕ್ಕ ಕೈಕಾಲು ತೊಳೆಯುವ ಮೊದಲೇ ಹಿತ್ತಿಲಿಗೆ ಹೋಗಿ ಮ್ಯಾಂಗೋಸ್ಟೀನಿನ ಎಲೆ ಸವರಿದಳು. "ಇದು ನಮ್ಮ ಮರವೇ ಅಲ್ವಾ ಮಾರಾಯ?" ನಾನು ಹೂಂ ಎನ್ನಲಾರದೆ ನಿಂತೆ.

ಅವಳ ಅಡಿಕೆ ತೋಟದ ನೆರಳಲ್ಲಿ ಭಾವ ಬೆಳೆಸಿದ್ದ ಮರ ಕಳೆದ ಮಳೆಗಾಲದಲ್ಲಿ ಬಿತ್ತು, ಪಕ್ಕದ ಹಲಸು ಮೇಲೆ ಉರುಳಿ. ಭಾವ ಅದರ ಹಿಂದಿನ ವರ್ಷವೇ ಹೋಗಿದ್ದರು. 11 ವರ್ಷದ ಹಿಂದೆ ಆ ಮರದ ಹಣ್ಣಿನದೊಂದು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕಾಪುವಿಗೆ ತಂದು ಅಂದೇ ಸಂಜೆ ಊರಿದ್ದೆ. ಒಣಗಿದರೆ ಅದು ಮೊಳೆಯದು. ಎರಡು ವರ್ಷಕ್ಕೆ ಒಂದು ಗೇಣು ಬೆಳೆಯಿತು. ಕಡಲ ಗಾಳಿಗೆ ಎಲೆಯಂಚು ಸುಡುತ್ತಿತ್ತು, ಮಡಲು ಕಟ್ಟಿದೆ. ಮರಳು ನೆಲಕ್ಕೆ ಹಟ್ಟಿಗೊಬ್ಬರ ಹೊತ್ತೆ.

ಪುನರ್ಪುಳಿ ಇದರ ನೆಂಟನೇ. ಆದರೆ ಅದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಗಿಡ ಯಾವುದೆಂದು ಹೂ ಬಿಡುವವರೆಗೂ ತಿಳಿಯದು. ಮ್ಯಾಂಗೋಸ್ಟೀನಿನ ಬೀಜಕ್ಕೆ ಪರಾಗವೇ ಬೇಡ, ತಾಯಿಯ ಮೈಯಿಂದಲೇ ಮೂಡುತ್ತದೆ. "ಡಿಎನ್‌ಎ ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ, ಅಜ್ಜ" ಎಂದಳು, ಮಣಿಪಾಲದಲ್ಲಿ ಓದುವ ಮೊಮ್ಮಗಳು.

ಹಾಗಾದರೆ ಅಕ್ಕನ ಮಾತೇ ಸರಿಯೇ? ಛಾಂದೋಗ್ಯ ಉಪನಿಷತ್ತಿನ ಉದ್ದಾಲಕ ಮರದಲ್ಲೂ ಜೀವವನ್ನು ಕಾಣುತ್ತಾನೆ, ಜೀವ ಬಿಟ್ಟ ಕೊಂಬೆ ಒಣಗುತ್ತದೆನ್ನುತ್ತಾನೆ. ಮಗನಿಂದ ಆಲದ ಹಣ್ಣು ತರಿಸಿ, ಬೀಜ ಒಡೆಸಿ, ಒಳಗೇನಿದೆಯೆಂದು ಕೇಳುತ್ತಾನೆ. ಅದೇ ಪ್ರಸಂಗದ 'ತತ್ತ್ವಮಸಿ' ಮಹಾವಾಕ್ಯದಲ್ಲಿ ಅದ್ವೈತಿಗಳು ಐಕ್ಯವನ್ನು ಓದಿದರು. ಉಡುಪಿಯ ಹತ್ತಿರದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಪದವನ್ನು ಬೇರೆಯಾಗಿ ಬಿಡಿಸಿ, ಒಂದು 'ಅ'ಕಾರ ಕಂಡು, 'ಅತತ್' ಎಂದು ಭೇದವನ್ನು ಓದಿದರು. ಅವರು ಹೇಳಿದ ಐದು ಭೇದಗಳಲ್ಲಿ ಜೀವಕ್ಕೂ ಜೀವಕ್ಕೂ ಇರುವ ಭೇದವೂ ಒಂದು. ಹರೆಯದಲ್ಲಿ ಇದು ನನಗೆ ಬರಿಯ ವ್ಯಾಕರಣದ ಜಗಳವಾಗಿ ಕಂಡಿತ್ತು. ಆ ಮರ ಬಿದ್ದ ಸುದ್ದಿ ಬಂದಾಗ ಹಾಗೆ ಕಾಣಲಿಲ್ಲ. ಎರಡೂ ಒಂದೇ ಆಗಿದ್ದರೆ ಅಕ್ಕ ಕಳೆದುಕೊಂಡದ್ದು ಏನೂ ಇಲ್ಲವೆನ್ನಬೇಕು. ಹಾಗೆನ್ನಲು ನನಗೆ ಬಾಯಿ ಬಾರದು. ಭಾವ ಎರೆದ ನೀರು ಕುಡಿದದ್ದು ಆ ಮರ. ಇದಕ್ಕೆ ಸಿಕ್ಕಿದ್ದು ಉಪ್ಪುಗಾಳಿ. ಮೈ ತಾಯಿಯದೇ ಇರಲಿ, ಒಳಗಿನ ಜೀವ ತನ್ನದೇ ಕರ್ಮ ಹೊತ್ತು ಬಂದದ್ದು.

ಇಷ್ಟನ್ನೂ ಅಕ್ಕನಿಗೆ ಹೇಳಿದೆ. ಅವಳು ಕೇಳುತ್ತಲೇ, ಈ ವರ್ಷದ ಚೊಚ್ಚಲ ಫಸಲಿನ ಹಣ್ಣೊಂದನ್ನು ಕಿತ್ತು ಮಗುಚಿ, ತಳದ ಹೂವಿನಂಥ ಗುರುತಿನ ಎಸಳು ಎಣಿಸಿದಳು. ಎಷ್ಟು ಎಸಳೋ ಒಳಗೆ ಅಷ್ಟೇ ತೊಳೆ.

"ಆರು" ಎಂದಳು. "ಅವರು ಆರರದ್ದನ್ನೇ ಹುಡುಕಿ ನನಗೆ ಕೊಡ್ತಿದ್ರು."