ಸಾವಿತ್ರಿಯ ಜೊತೆ ಯಾರಿದ್ದರು?

ಸಾವಿತ್ರಿ ಎಂದೊಡನೆ ನಮಗೆ ನೆನಪಾಗುವುದು ಯಮನ ಪ್ರಸಂಗ. ಬೆನ್ನು ಬಿಡದೆ ನಡೆದದ್ದು, ಮಾತಿನಲ್ಲೇ ವರಗಳನ್ನು ಗೆದ್ದದ್ದು, ಗಂಡನ ಪ್ರಾಣವನ್ನು ಮರಳಿ ತಂದದ್ದು. ಮಹಾಭಾರತದ ಅರಣ್ಯಪರ್ವದಲ್ಲಿ ಅದಕ್ಕೂ ಹಿಂದಿನ ಒಂದು ವರ್ಷವಿದೆ. ಸತ್ಯವಾನನಿಗೆ ಉಳಿದಿರುವುದು ಒಂದೇ ವರ್ಷ ಎಂದು ನಾರದರು ಮದುವೆಗೆ ಮೊದಲೇ ಹೇಳಿಬಿಟ್ಟಿರುತ್ತಾರೆ. ಆ ಮಾತನ್ನು ಎದೆಯಲ್ಲಿಟ್ಟುಕೊಂಡೇ ಅವಳು ಕಾಡಿನ ಆಶ್ರಮದಲ್ಲಿ ಸಂಸಾರ ಮಾಡುತ್ತಾಳೆ. ಅತ್ತೆಗೆ ತಿಳಿಯದು, ಕಣ್ಣು ಕಾಣದ ಮಾವನಿಗೆ ತಿಳಿಯದು, ಗಂಡನಿಗೂ ತಿಳಿಯದು. ಇನ್ನೇನು ನಾಲ್ಕು ದಿನ ಎಂದಾಗ ಮೂರು ರಾತ್ರಿಯ ಕಠಿಣ ವ್ರತ ಹಿಡಿಯುತ್ತಾಳೆ. ಇಷ್ಟು ಕಷ್ಟದ ವ್ರತ ಏಕಮ್ಮ ಎಂದು ಮಾವ ಮರುಗಿದರೂ ಕಾರಣ ಹೇಳುವುದಿಲ್ಲ.

ಯಮನನ್ನು ಎದುರಿಸಿದ ಆ ಗಳಿಗೆಗಿಂತ ಈ ವರ್ಷವೇ ನನ್ನನ್ನು ಹೆಚ್ಚು ಕಾಡುತ್ತದೆ. ದಿನ ಎಣಿಸುತ್ತ, ಮುಖದಲ್ಲಿ ನಗು ಉಳಿಸಿಕೊಂಡು, ಯಾರ ಮುಂದೆಯೂ ಬಾಯಿ ಬಿಡಲಾಗದೆ ಕಳೆದ ವರ್ಷ ಅದು. "ಇನ್ನು ಆಸ್ಪತ್ರೆಯಲ್ಲಿ ಮಾಡುವಂಥದ್ದು ಏನೂ ಇಲ್ಲಮ್ಮ, ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ" ಎಂದು ಡಾಕ್ಟರು ಹೇಳಿದ ದಿನ ಎಷ್ಟೋ ಮನೆಗಳಲ್ಲಿ ಅಂಥದೇ ಕಾಲ ಶುರುವಾಗುತ್ತದೆ. ಕರೆದುಕೊಂಡು ಬರುವುದು ಬಹುಪಾಲು ಹೆಂಡತಿ. ಕೆಲವು ಸಲ ಗಂಡ. ಇಬ್ಬರಿಗೂ ವಯಸ್ಸಾಗಿರುತ್ತದೆ. ಮಕ್ಕಳು ಇನ್ನೊಂದು ಊರಿನಲ್ಲೋ ಇನ್ನೊಂದು ದೇಶದಲ್ಲೋ ಇರುತ್ತಾರೆ.

ಬೆನ್ನು ಹುಣ್ಣಾಗದಿರಲು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಏರ್ ಬೆಡ್ ಇದ್ದರೂ ಈ ಕೆಲಸ ತಪ್ಪದು. ಒಣಗಿದ ತುಟಿಗೆ, ನಾಲಿಗೆಗೆ ಒದ್ದೆ ಹತ್ತಿ ಸವರಬೇಕು. ಡೈಪರ್ ಬದಲಿಸಬೇಕು, ಕ್ಯಾತಿಟರ್ ಚೀಲ ತುಂಬಿತೇ ನೋಡಬೇಕು. ಮಾರ್ಫಿನ್ ಮಾತ್ರೆ ನಾಲ್ಕು ಗಂಟೆಗೊಮ್ಮೆ. ನಡುರಾತ್ರಿ ಎಬ್ಬಿಸುವುದು ತಪ್ಪಲೆಂದು ಡಾಕ್ಟರು ಮಲಗುವಾಗಿನ ಡೋಸನ್ನು ಇಮ್ಮಡಿ ಬರೆದುಕೊಡುವುದುಂಟು. ಆಗ ರೋಗಿಗೆ ಕಣ್ಣು ಹತ್ತುತ್ತದೆ. ಪಕ್ಕದಲ್ಲಿ ಮಲಗಿದವರಿಗೆ ಹತ್ತುವುದಿಲ್ಲ. ಉಸಿರು ಒಂದು ಕ್ಷಣ ನಿಂತಂತಾದರೂ ಎದ್ದು ಕೂರುತ್ತಾರೆ, ಎದೆ ಏಳುವುದನ್ನು ನೋಡಿಕೊಂಡು ಮತ್ತೆ ಒರಗುತ್ತಾರೆ. ಸಾವಿತ್ರಿಯ ವ್ರತ ಮೂರು ರಾತ್ರಿಯದು. ಇದು ಎಷ್ಟು ರಾತ್ರಿಯದೆಂದು ಯಾವ ನಾರದರೂ ಹೇಳಿರುವುದಿಲ್ಲ.

ಇದನ್ನೆಲ್ಲ ನಾವು ಸೇವೆ ಎನ್ನುತ್ತೇವೆ, ಗೌರವದಿಂದಲೇ ಎನ್ನುತ್ತೇವೆ. "ಆಯಮ್ಮ ಮೂರು ತಿಂಗಳಿಂದ ಮನೆ ಬಿಟ್ಟು ಕದಲಿಲ್ಲ" ಎಂಬ ಹೊಗಳಿಕೆ ಕಿವಿಗೆ ಬಿದ್ದ ಮೇಲೆ ಆಕೆ ಮೆಟ್ಟಿಲಿಳಿದು ಹೂವಿನ ಅಂಗಡಿಯವರೆಗೆ ಹೋಗುವುದಕ್ಕೂ ಅಂಜುತ್ತಾಳೆ. ನೋಡಿದವರು ಏನೆಂದಾರು? ಹೆಂಡತಿಯ ಆರೈಕೆಗೆ ನಿಂತ ಗಂಡಸರ ಪಾಡು ಬೇರೆ. ಅವರಿಗೆ "ಪಾಪ" ಎಂಬ ಒಂದು ಮಾತು ಸಿಗುತ್ತದೆ, ಪಕ್ಕದ ಮನೆಯಿಂದ ಸಾರಿನ ಡಬ್ಬಿ ಬರುತ್ತದೆ. ಕೂತು ಮಾತಾಡುವವರು ಮಾತ್ರ ಯಾರೂ ಇರುವುದಿಲ್ಲ. ಜೀವಮಾನದ ಮಾತನ್ನೆಲ್ಲ ಆಡಿದ್ದು ಒಬ್ಬಳ ಜೊತೆ. ಈಗ ಅವಳೇ ಮಾತು ನಿಲ್ಲಿಸಿ ಮಲಗಿದ್ದಾಳೆ.

ಇಲ್ಲಿ ದಣಿವೆಂದರೆ ಮೈಕೈ ನೋವಷ್ಟೇ ಎಂದುಕೊಳ್ಳಬಾರದು. ಅಮೆರಿಕದ ಸಂಶೋಧಕರಾದ ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್ ವೃದ್ಧ ದಂಪತಿಗಳನ್ನು ನಾಲ್ಕು ವರ್ಷ ಗಮನಿಸಿ 1999ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಸಂಗಾತಿಯ ಆರೈಕೆ ಮಾಡುತ್ತ ಅದರ ಒತ್ತಡದಲ್ಲಿ ಬೇಯುತ್ತಿದ್ದವರಿಗೆ, ಅಂಥ ಹೊರೆ ಇಲ್ಲದವರಿಗಿಂತ ಸಾವಿನ ಅಪಾಯ ಶೇಕಡಾ 63ರಷ್ಟು ಹೆಚ್ಚಿತ್ತು. ರೋಗಿಯ ಮಂಚದ ಪಕ್ಕದಲ್ಲಿ ಎರಡನೆಯ ಜೀವವೊಂದು ಸವೆಯುತ್ತಿರುತ್ತದೆ.

ಗುಣವಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ಹಾಸ್ಪಿಸ್ ಎಂಬ ಏರ್ಪಾಡನ್ನು ಈಗಿನ ರೂಪಕ್ಕೆ ತಂದ ಸಿಸಿಲಿ ಸಾಂಡರ್ಸ್ ಇದನ್ನು ಬಲ್ಲವರಾಗಿದ್ದರು. ನರ್ಸ್ ಆಗಿ, ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ, ಆಮೇಲೆ ಓದಿ ಡಾಕ್ಟರಾಗಿ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದವರು. ನೋವು ಮೈಯದೊಂದೇ ಅಲ್ಲ; ಮನಸ್ಸಿನದೂ ಸಂಬಂಧಗಳದೂ ಅದರಲ್ಲಿ ಸೇರಿದೆ ಎಂದು ಅವರು ಕಲಿಸಿದರು. ಹಾಗಾಗಿ ಮನೆಯವರೂ ಆರೈಕೆಗೆ ಒಳಪಟ್ಟವರೇ. 1975ರಲ್ಲಿ ಶೆಫೀಲ್ಡಿನ ಸೇಂಟ್ ಲ್ಯೂಕ್ಸ್ ಹಾಸ್ಪಿಸ್, ರೋಗಿಗಳು ಹಗಲು ಬಂದಿದ್ದು ಸಂಜೆ ಮನೆಗೆ ಮರಳುವ ವ್ಯವಸ್ಥೆ ಮಾಡಿತು. ಅವರಿಗೆ ಹೊರಗಿನ ಗಾಳಿ, ನಾಲ್ಕು ಜನರ ಮುಖ. ಮನೆಯಲ್ಲಿದ್ದವರಿಗೆ ಒಂದು ಹಗಲು. ಅಮೆರಿಕದ ಮೆಡಿಕೇರ್ ವಿಮೆಯಂತೂ ನೋಡಿಕೊಳ್ಳುವವರು ಸುಧಾರಿಸಿಕೊಳ್ಳಲೆಂದೇ ರೋಗಿಯನ್ನು ಒಮ್ಮೆಗೆ 5 ದಿನದವರೆಗೆ ದಾಖಲು ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. ಹೆಂಡತಿಗೆ ನಿದ್ದೆ ಬೇಕು ಎಂಬುದನ್ನು ಒಂದು ಸರ್ಕಾರ ಕಾನೂನಿನಲ್ಲಿ ಬರೆದಿಟ್ಟಿದೆ ಎಂದು ನೆನೆದಾಗಲೆಲ್ಲ ನನಗೆ ಸಮಾಧಾನವಾಗುತ್ತದೆ.

ನಮ್ಮಲ್ಲೂ ಏನೂ ಇಲ್ಲವೆಂದಲ್ಲ. ಬೆಂಗಳೂರಿನ ಮಾರತಹಳ್ಳಿಯ ಕಡೆ ಇರುವ ಕರುಣಾಶ್ರಯ, ಕ್ಯಾನ್ಸರಿನ ಕೊನೆಯ ಹಂತದಲ್ಲಿರುವವರನ್ನು 1999ರಿಂದ ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಮನೆಗಳಿಗೆ ಹೋಗಿ ಆರೈಕೆ ಮಾಡುವ ಅದರ ಕೆಲಸ ಇನ್ನೂ ಮೊದಲಿನದು. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಉಪಶಮನ ಆರೈಕೆ ನಡೆಸುತ್ತಿದೆ. ಆದರೂ "ಹಾಸ್ಪಿಸ್‌ಗೆ ಸೇರಿಸಿದರಂತೆ" ಎಂಬ ಮಾತು ನಮ್ಮ ಬಂಧುಬಳಗದಲ್ಲಿ ಇನ್ನೂ ದೂರಿನ ಹಾಗೆಯೇ ಕೇಳಿಸುತ್ತದೆ, ಕಟ್ಟಿಕೊಂಡವರನ್ನು ಕೈಬಿಟ್ಟರು ಎಂಬ ಅರ್ಥದಲ್ಲಿ.

ಅಲ್ಲಿ ನಿಜವಾಗಿ ಆಗುವುದೇನು? ಮೈ ಒರೆಸುವ, ಮಗ್ಗುಲು ಬದಲಿಸುವ, ಔಷಧಿಯ ಹೊತ್ತು ಕಾಯುವ ಕೆಲಸವನ್ನು ಕಲಿತ ಕೈಗಳು ವಹಿಸಿಕೊಳ್ಳುತ್ತವೆ. ಅಷ್ಟು ದಿನ ಗಡಿಯಾರ ನೋಡುತ್ತ ಓಡಾಡಿದ ಹೆಂಗಸಿಗೆ ಮಂಚದ ಪಕ್ಕ ಸುಮ್ಮನೆ ಕೂರಲು ಸಮಯ ಸಿಗುತ್ತದೆ. ಕೈ ಹಿಡಿದುಕೊಳ್ಳುತ್ತಾಳೆ. ಹಿತ್ತಲ ಮಾವಿನ ಮರದಲ್ಲಿ ಈ ವರ್ಷ ಹೂವು ಚೆನ್ನಾಗಿ ಬಂದಿದೆ ಎನ್ನುತ್ತಾಳೆ. ಮದುವೆಯಾದ ಹೊಸತರಲ್ಲಿ ಟೆಂಟಿನಲ್ಲಿ ನೋಡಿದ ರಾಜಕುಮಾರ್ ಸಿನಿಮಾ ಯಾವುದು ಎಂದು ಕೇಳುತ್ತಾಳೆ. ತಿಂಗಳುಗಟ್ಟಲೆ ನರ್ಸ್ ಆಗಿದ್ದವಳು ಮತ್ತೆ ಹೆಂಡತಿಯಾಗುತ್ತಾಳೆ. ಬಿಡುವು ಅವಳನ್ನು ಗಂಡನಿಂದ ದೂರ ಒಯ್ಯುತ್ತದೆ ಎಂಬ ಭಯ ಎಲ್ಲರಿಗೂ ಇರುತ್ತದೆ. ನಾನು ಕಂಡ ಮಟ್ಟಿಗೆ ಅದು ಅವಳನ್ನು ಅವನ ಹತ್ತಿರಕ್ಕೇ ತಂದು ಕೂರಿಸುತ್ತದೆ.

ಜೊತೆಯೂ ಅಲ್ಲೇ ಸಿಗುತ್ತದೆ. ಮೊದಲ ದಿನ ಪಕ್ಕದ ಮಂಚದವರ ಹೆಂಡತಿ ಬಿಸಿನೀರು ಎಲ್ಲಿ ಸಿಗುತ್ತದೆಂದು ತೋರಿಸುತ್ತಾಳೆ. ಎರಡನೆಯ ದಿನ ಫ್ಲಾಸ್ಕಿನ ಕಾಫಿ ಎರಡು ಲೋಟಕ್ಕೆ ಬೀಳುತ್ತದೆ. ಆಮೇಲೊಂದು ಸಂಜೆ, ಅಕ್ಕತಂಗಿಯರ ಮುಂದೆಯೂ ಆಡದ ಮಾತೊಂದು ಹೊರಗೆ ಬರುತ್ತದೆ: "ಬೇಗ ಮುಗಿದುಹೋಗಲಿ ಅಂತ ಒಂದೊಂದು ಸಲ ಅನ್ನಿಸಿಬಿಡುತ್ತೆ ಕಣ್ರೀ." ಕೇಳಿದವಳು ಬೆಚ್ಚುವುದಿಲ್ಲ. "ನನಗೂ" ಎನ್ನುತ್ತಾಳೆ. ಹೀಗೆ ಅನ್ನಿಸದ ಮನೆ ಅಪರೂಪ. ಪ್ರೀತಿ ಕಡಿಮೆಯಾಗಿ ಬರುವ ಯೋಚನೆಯಲ್ಲ ಇದು. ಕಣ್ಣೆದುರು ನರಳುವವರನ್ನು ನೋಡಲಾರದೆ, ನಿದ್ದೆಯಿಲ್ಲದೆ, ಮುಂದೇನೆಂದು ತಿಳಿಯದೆ ಬರುವ ಯೋಚನೆ. ಹೊತ್ತವರು ಅದನ್ನು ಪಾಪವೆಂದು ತಿಳಿದು ಒಬ್ಬರೇ ಹೊತ್ತಿರುತ್ತಾರೆ. ಸಾವಿತ್ರಿಗೆ ಆ ವರ್ಷದಲ್ಲಿ ಇಲ್ಲದೇ ಹೋದದ್ದು ಇಂಥ ಒಬ್ಬ ಗೆಳತಿ.

ಹಾಸ್ಪಿಸ್ ಎಲ್ಲ ಊರಿನಲ್ಲೂ ಇಲ್ಲ. ಅದಿಲ್ಲದ ಕಡೆ ಏನು ಮಾಡಬಹುದೆಂದು ಪಕ್ಕದ ಕೇರಳ ತೋರಿಸಿದೆ. ಕಲ್ಲಿಕೋಟೆಯಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು 1993ರಲ್ಲಿ ಕಟ್ಟಿದ ಸಂಸ್ಥೆಯಿಂದ ಬೆಳೆದ ಕೆಲಸ, ಮುಂದೆ ಊರೂರಿನ ನೆರೆಹೊರೆಯವರ ಜಾಲವಾಯಿತು. ವಾರಕ್ಕೆ ಎರಡು ಗಂಟೆ ಕೊಡಬಲ್ಲ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಹಾಸಿಗೆ ಹಿಡಿದವರ ಮನೆಗೆ ಕಳಿಸಿದರು. ಅಂಗಡಿಯವರು, ಮೇಷ್ಟ್ರುಗಳು, ಕಾಲೇಜು ಹುಡುಗರು, ಗೃಹಿಣಿಯರು. 2008ರಲ್ಲಿ ಆ ರಾಜ್ಯ ಉಪಶಮನ ಆರೈಕೆಗೆ ತನ್ನದೇ ನೀತಿ ರೂಪಿಸಿತು.

ಎರಡು ಗಂಟೆಯಲ್ಲಿ ಏನಾದೀತು? ತಲೆಗೆ ನೀರು ಹಾಕಿಕೊಳ್ಳಬಹುದು. ಬಾಗಿಲು ಹಾಕಿಕೊಂಡು ಮಲಗಬಹುದು. ಬ್ಯಾಂಕಿಗೆ, ದೇವಸ್ಥಾನಕ್ಕೆ, ಏನೂ ಕೆಲಸವಿಲ್ಲದೆ ಪಾರ್ಕಿಗೆ ಹೋಗಬಹುದು. "ಏನಾದರೂ ಬೇಕಿದ್ದರೆ ಹೇಳಿ" ಎಂದು ಹೊಸಿಲಲ್ಲಿ ಹೇಳಿ ಹೋಗುವವರು ಬಹಳ. ದಣಿದವರಿಗೆ ಏನು ಬೇಕೆಂದು ಯೋಚಿಸಿ ಕೇಳುವ ತ್ರಾಣ ಇರುವುದಿಲ್ಲ. "ಅಕ್ಕಾ, ನಾಳೆ ನಾಲ್ಕರಿಂದ ಆರರವರೆಗೆ ನಾನು ಭಾವನ ಹತ್ತಿರ ಕೂತಿರ್ತೀನಿ, ನೀವು ಹೋಗಿ ಬನ್ನಿ" ಎನ್ನುವ ಒಬ್ಬರು ಬೇಕು. ಆ ಹೊತ್ತಿನಲ್ಲೇ ಏನಾದರೂ ಆಗಿಬಿಟ್ಟರೆ ಎಂಬ ಅವಳ ಅಳುಕಿಗೂ ಉತ್ತರ ಕೊಡಬೇಕು. ಇಡೀ ರಾತ್ರಿ ಕಾದು ಕೂತ ಹೆಂಡತಿ ಕಾಫಿ ತರಲು ಹೊರಗೆ ಹೋದ ಗಳಿಗೆಯಲ್ಲೇ ಉಸಿರು ಬಿಟ್ಟವರನ್ನು ಹಾಸ್ಪಿಸ್ ನರ್ಸುಗಳು ಕಂಡಿರುತ್ತಾರೆ. ಪಕ್ಕದಲ್ಲಿದ್ದರೂ ತಡೆಯಲಾಗದ್ದು ಅದು; ಹೊರಗೆ ಹೋದದ್ದಕ್ಕೆ ಅವಳನ್ನು ಯಾರೂ ದೂರುವಂತಿಲ್ಲ. ಇದನ್ನು ಮೊದಲೇ, ನಿಧಾನವಾಗಿ, ಅವಳ ಕೈ ಹಿಡಿದು ಹೇಳಬೇಕು.

ಹದಿಮೂರನೆಯ ದಿನ ವೈಕುಂಠ ಸಮಾರಾಧನೆಗೆ ಮನೆ ತುಂಬ ಜನ ಸೇರುತ್ತಾರೆ. ದೂರದ ಊರಿನಿಂದ ಬಸ್ಸು ಹಿಡಿದು ಬಂದು, ಉಂಡು, ಆಕೆಯನ್ನು ಸಮಾಧಾನ ಮಾಡಿ ಹೋಗುತ್ತಾರೆ. ಆ ಪಂಕ್ತಿಯಲ್ಲಿ ಕೂತವರಲ್ಲಿ ನಾಲ್ವರು, ಆತ ಇನ್ನೂ ಉಸಿರಾಡುತ್ತಿದ್ದಾಗ, ವಾರಕ್ಕೊಬ್ಬರಂತೆ ಎರಡೆರಡು ಗಂಟೆ ಬಂದಿದ್ದರೆ ಆಕೆಗೆ ತಿಂಗಳಲ್ಲಿ ನಾಲ್ಕು ಸಂಜೆ ಸಿಗುತ್ತಿದ್ದವು. ಇವತ್ತು ನಿಮ್ಮ ಬೀದಿಯಲ್ಲೂ ಅಂಥ ಒಂದು ಮನೆ ಇರಬಹುದು. ಮೊದಲು ಫೋನ್ ಮಾಡಿ ಹೋಗಿ. ಆಕೆಗೆ ಆಗಷ್ಟೇ ಕಣ್ಣು ಹತ್ತಿರಬಹುದು.